ಅರ್ಧ ಉಸಿರಿನ ಮಳೆಗಾಲ

ಬೀಸುಕಲ್ಲಿನ ಮೇಲಿನ ಕಲ್ಲಿಗೆ ನಡುವೆ ಕಾಳು ಹಾಕುವ ತೂತಿರುತ್ತದೆ. ಹೆಬ್ಬೆರಳು ಗಾತ್ರದ ಹಗ್ಗ ಅದರೊಳಗೆ ಸಲೀಸಾಗಿ ಹಾಯುತ್ತದೆ. ಕೆಳಗಡೆ ದಪ್ಪ ಗಂಟು ಹಾಕಿ ಇಳಿಬಿಟ್ಟರೆ ಕಲ್ಲು ಯಾವ ಕಡೆಗೂ ವಾಲದೆ, ಊಟದ ತಟ್ಟೆಯಂತೆ ಮಟ್ಟಸವಾಗಿ ಮುಳುಗುತ್ತದೆ. ಸಮುದ್ರದಲ್ಲಿ ಹಗ್ಗವನ್ನು ನೆಟ್ಟಗೆ ನಿಲ್ಲಿಸುವ ಈ ಕೆಲಸಕ್ಕೆ ನಾವು ಉಕ್ಕಿನ ಬಿಲ್ಲೆ ಬಳಸುತ್ತೇವೆ. ಮಿಶ್ರಿಕೋಟಿಯ ನಮ್ಮ ಹೊಲದ ಬಾವಿಗೆ ಅಜ್ಜಿಯ ಬೀಸುಕಲ್ಲೇ ಸಾಕಾಯಿತು.

“ಒಂದ ಕಾಲಕ್ಕ ಜ್ವಾಳಾ ಬೀಸತಿತ್ತು. ಈಗ ನಿನ್ನ ಬೀಸತೈತಿ ನೋಡವಾ,” ಎಂದರು ಕಾಕಾ, ಕಲ್ಲು ಕಣ್ಮರೆಯಾಗುವುದನ್ನು ನೋಡುತ್ತ.

ಕಾಕಾ ನನ್ನ ತಂದೆಯ ತಮ್ಮ. ಹೊಲ ಹಂಚಿಕೆಯಾದಾಗ ಬಾವಿ ಅವರ ಪಾಲಿಗೆ ಬಂತು. ನನಗೆ ಈಜು ಕಲಿಸಿದವರು ಅವರೇ, ಇದೇ ಬಾವಿಯಲ್ಲಿ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ.

ಆಗ ನಾನು ಕರಾವಳಿಯ ಒಂದು ಡೈವಿಂಗ್ ಶಾಲೆಯಲ್ಲಿ ತರಬೇತುದಾರಳಾಗಿದ್ದೆ. ಗಾಳಿಯ ಸಿಲಿಂಡರಿಲ್ಲದೆ, ಒಂದೇ ಉಸಿರಿನಲ್ಲಿ, ಹಗ್ಗದ ಗುಂಟ ಆಳಕ್ಕೆ ಇಳಿದು ಮರಳಿ ಬರುವ ಕ್ರೀಡೆ ನಮ್ಮದು. ಫ್ರೀಡೈವಿಂಗ್ ಎನ್ನುತ್ತಾರೆ. ಸ್ಪರ್ಧೆಯಲ್ಲಿ ಎಷ್ಟು ಮೀಟರು ಇಳಿಯುತ್ತೇನೆಂದು ಮೊದಲೇ ಹೇಳಬೇಕು. ಅಲ್ಲಿಯವರೆಗೆ ಹೋಗಿ, ಬಿಲ್ಲೆಯ ಬಳಿಯಿರುವ ಚೀಟಿ ಹರಿದುಕೊಂಡು, ಪ್ರಜ್ಞೆ ತಪ್ಪದೆ ಮೇಲೆ ಬಂದರೆ ಮಾತ್ರ ಲೆಕ್ಕ. ಮಳೆಗಾಲದಲ್ಲಿ ಪಶ್ಚಿಮದ ಕಡಲು ನಮಗೆ ಮುಚ್ಚುತ್ತದೆ. ದೋಣಿಗಳು ದಡಕ್ಕೆ ಬರುತ್ತವೆ, ಶಾಲೆಗೆ ಬೀಗ ಬೀಳುತ್ತದೆ, ನಾವು ನಮ್ಮ ನಮ್ಮ ಊರಿಗೆ ಹೋಗುತ್ತೇವೆ.

ಆ ವರ್ಷ ಕಡಲು ತೆರೆದ ಕೂಡಲೇ ಒಂದು ಸ್ಪರ್ಧೆಯಿತ್ತು. ಶಾಲೆಯಿಂದ ಒಬ್ಬ ಮಹಿಳೆಯನ್ನು ಕಳಿಸಬಹುದಿತ್ತು. ಇದ್ದವರು ಇಬ್ಬರು: ನಾನು ಮತ್ತು ನನಗಿಂತ ಕಿರಿಯಳಾದ, ಕರಾವಳಿಯವಳೇ ಆದ ಸಹೋದ್ಯೋಗಿ. ನಾನು ಮೂವತ್ತಮೂರು ಮೀಟರು ಮುಟ್ಟಿದ್ದೆ, ಅವಳು ಮೂವತ್ತು. ನಲವತ್ತಕ್ಕೆ ಸಿದ್ಧವಾಗಿ ಬಂದವರ ಹೆಸರು ಕಳಿಸುತ್ತೇನೆ ಎಂದು ನಮ್ಮ ಮುಖ್ಯ ತರಬೇತುದಾರರು ಹೇಳಿದ್ದರು. ನನಗೆ ಅದು ಬೇಕಿತ್ತು. ಶಾಲೆಗೆ ಸೇರಿದ ದಿನದಿಂದ ಬೇರೆಯವರ ಆಳಕ್ಕೆ ಹಗ್ಗ ಅಳೆದುಕೊಟ್ಟಿದ್ದೆ, ಬೇರೆಯವರು ಮೇಲೆ ಬರುವಾಗ ನಡುದಾರಿಯಲ್ಲಿ ಎದುರುಗೊಂಡಿದ್ದೆ. ನನ್ನದು ಎನ್ನುವ ಒಂದು ಅಂಕಿ ಬೇಕೆನಿಸಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೂವತ್ತಮೂರರಲ್ಲಿ ನನ್ನನ್ನು ತಡೆದದ್ದು ಕಿವಿ. ಇಳಿದಂತೆಲ್ಲ ನೀರಿನ ಒತ್ತಡಕ್ಕೆ ಕಿವಿಯ ತಮಟೆ ಒಳಗೆ ಬಾಗುತ್ತದೆ. ಮೂಗು ಹಿಡಿದು, ಬಾಯೊಳಗಿನ ಗಾಳಿಯನ್ನು ಒತ್ತಿ, ಒಳಗಿನಿಂದ ಅದನ್ನು ಸರಿ ಮಾಡುತ್ತಿರಬೇಕು. ಒಂದು ಹಂತ ದಾಟಿದ ಮೇಲೆ ಶ್ವಾಸಕೋಶ ಎಷ್ಟು ಕುಗ್ಗುತ್ತದೆಂದರೆ ಅಲ್ಲಿಂದ ಬಾಯಿಗೆ ಗಾಳಿ ತರುವುದೇ ಆಗುವುದಿಲ್ಲ. ಆದ್ದರಿಂದ ಇನ್ನೂ ಮೇಲಿರುವಾಗಲೇ ಎದೆಯ ಗಾಳಿಯನ್ನು ಬಾಯಿಗೆ ತಂದು, ಗಲ್ಲ ಉಬ್ಬಿಸಿಕೊಂಡು, ಗಂಟಲು ಮುಚ್ಚಿ, ಆ ಒಂದು ಬಾಯಿ ಗಾಳಿಯನ್ನೇ ತಳದವರೆಗೆ ಜೋಪಾನ ಮಾಡಬೇಕು. ಒಮ್ಮೆ ನುಂಗಿಬಿಟ್ಟರೆ ಅಲ್ಲಿಗೆ ಮುಗಿಯಿತು. ನಾನು ಪ್ರತಿ ಸಲ ಮೂವತ್ತಮೂರರಲ್ಲಿ ನುಂಗುತ್ತಿದ್ದೆ.

ಎರಡನೆಯದು ಎದೆ. ಆ ಒತ್ತಡದಲ್ಲಿ ಪಕ್ಕೆಲುಬು, ಅದರ ಕೆಳಗೆ ಉಸಿರಾಡಿಸುವ ಸ್ನಾಯು ವಪೆ, ಎಲ್ಲ ಬಿಗಿಯದೆ ಕುಗ್ಗಲು ಕಲಿಯಬೇಕು. ಇದಕ್ಕೆ ಆಳದ ನೀರು ಬೇಕೇಬೇಕೆಂದಿಲ್ಲ. ಉಸಿರನ್ನು ಸಹಜವಾಗಿ ಹೊರಬಿಟ್ಟು, ಅರ್ಧದಷ್ಟು ಗಾಳಿ ಮಾತ್ರ ಉಳಿಸಿಕೊಂಡು ಇಳಿದರೆ, ಹತ್ತು ಹನ್ನೊಂದು ಮೀಟರಿನಲ್ಲೇ ಎದೆಗೆ ಮೂವತ್ತರ ಅನುಭವವಾಗುತ್ತದೆ. ತುಂಬಿದ ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಅಷ್ಟೇ ಆಳ. ತಂಬೂರಿನ ಕೆರೆಯನ್ನೂ ಹೋಗಿ ನೋಡಿದ್ದೆ. ನೀರು ವಿಸ್ತಾರವಾಗಿತ್ತು, ಆದರೆ ಜೊಂಡು ಮತ್ತು ಮೀನಿನ ಬಲೆ. ಬಾವಿಯೇ ವಾಸಿ ಎನಿಸಿತು.

ತರಬೇತುದಾರರು ಫೋನಿನಲ್ಲಿ ಒಪ್ಪಿಗೆ ಕೊಟ್ಟರು, ಷರತ್ತು ಹಾಕಿ. ಒಬ್ಬಳೇ ನೀರಿಗೆ ಇಳಿಯಕೂಡದು. ಅರ್ಧ ಉಸಿರಿನಲ್ಲಿ ಕಲ್ಲಿಗಿಂತ ಮೇಲೆಯೇ ನಿಲ್ಲಬೇಕು. ಅಲ್ಲಿ ಕುತ್ತಿಗೆ ಎತ್ತಬಾರದು, ಕೈ ಚಾಚಬಾರದು, ಮೈ ತಿರುಚಬಾರದು.

ಜೊತೆಗೆ ಇಳಿಯಲು ನನಗೆ ಊರಿನಲ್ಲಿ ಸಿಗಬಹುದಾದವಳು ಒಬ್ಬಳೇ. ನಾವಿಬ್ಬರೂ ಒಂದೇ ಬೇಸಿಗೆಯಲ್ಲಿ ಈ ಬಾವಿಯಲ್ಲಿ ಈಜು ಕಲಿತವರು. ಅವಳ ಮನೆಯವರದು ಊರೊಳಗೆ ಬಟ್ಟೆ ಅಂಗಡಿ. ಮನೆಯಲ್ಲಿ ಉರ್ದು ಮಾತಾಡುವವಳು, ಬಾವಿಯಲ್ಲಿ ಬೈಯುವುದು ಮಾತ್ರ ಕನ್ನಡದಲ್ಲಿ. ಈಗ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದಳು. ಕೇಳಿದಾಗ ಅವಳು ಸ್ಕೂಟಿಯಿಂದ ಇಳಿಯಲೇ ಇಲ್ಲ.

“ನೀ ಮುಳಗೂದು, ನಾ ಕಾಯೂದು. ಇಷ್ಟs ಅಲ್ಲ? ಸಣ್ಣಾಕಿ ಇದ್ದಾಗೂ ಇದನ್ನs ಮಾಡೀನಿ.”

“ಹಂಗಲ್ಲ. ಕಲಿಯೂದೈತಿ.”

“ಕಲಿಸು ಲೇ. ಡ್ಯೂಟಿಗೆ ಹೋಗೂಕಿಂತ ಮೊದಲ ಬರ್ತೀನಿ. ಆದ್ರ ನಿನ್ನಂಗ ಆ ರಬ್ಬರ ಅಂಗಿ ನಾ ಹಾಕ್ಕೊಳ್ಳಾಂಗಿಲ್ಲ.”

ನನ್ನ ವೆಟ್‌ಸೂಟಿಗೆ ಕಾಕಾ ಅಷ್ಟರಲ್ಲೇ ‘ಟಾಯರಿನ ಅಂಗಿ’ ಎಂದು ಹೆಸರಿಟ್ಟಿದ್ದರು. ಅವಳು ಕೊನೆಯವರೆಗೂ ಸಲ್ವಾರಿನಲ್ಲೇ ಇಳಿದಳು, ಚಿಕ್ಕವಳಿದ್ದಾಗ ಇಳಿಯುತ್ತಿದ್ದಂತೆಯೇ, ಓಢಣಿಯನ್ನು ಸೊಂಟಕ್ಕೆ ಬಿಗಿದು.

ಮೊದಲು ಅವಳಿಗೆ ಮುಖ ಓದುವುದನ್ನು ಕಲಿಸಿದೆ. ಉಸಿರು ಹಿಡಿದವರಿಗೆ ಅಪಾಯ ಹೆಚ್ಚಾಗಿ ಬರುವುದು ತಳದಲ್ಲಲ್ಲ, ಮೇಲಿನ ಕೊನೆಯ ಕೆಲವು ಮೀಟರಿನಲ್ಲಿ, ಇಲ್ಲವೇ ಮೇಲೆ ಬಂದು ಮೊದಲ ಉಸಿರು ಎಳೆದ ಮೇಲೆ. ಕಣ್ಣು ಎಲ್ಲಿ ನೋಡುತ್ತಿದೆ, ತುಟಿಯ ಬಣ್ಣ ಹೇಗಿದೆ, ಗದ್ದ ನಡುಗುತ್ತಿದೆಯೇ ಎಂದು ನೋಡಬೇಕು. ಪ್ರಜ್ಞೆ ತಪ್ಪಿದರೆ ಬಾಯಿ ಮೂಗು ಮುಚ್ಚಿ ಹಿಡಿದು ಮೇಲೆ ತರಬೇಕು, ಮುಖದ ಮೇಲೆ ಊದಬೇಕು, ಹೆಸರು ಹಿಡಿದು ಕರೆಯಬೇಕು. ಮೇಲೆ ಬಂದವರು ಮೊದಲು ಈಜುಗನ್ನಡಕ ತೆಗೆದು, ಕೈಸನ್ನೆ ಮಾಡಿ, ಆಮೇಲೆ ಸರಿಯಾಗಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಸ್ಪರ್ಧೆಯಲ್ಲಿ ಅದೂ ನಿಯಮ. ನಮ್ಮ ಬಾವಿಯಲ್ಲಿ ಆ ಮಾತು ‘ಆರಾಮ ಅದೀನಿ’ ಎಂದಾಯಿತು. ಕಾಕಾಗೆ ಅದು ಎಷ್ಟು ಹಿಡಿಸಿತೆಂದರೆ, ಮಂಡಿ ನೋವಿನಿಂದ ಮೆಟ್ಟಿಲ ಮೇಲಿಂದ ಏಳುವಾಗಲೆಲ್ಲ ಕೈಯೆತ್ತಿ “ಆರಾಮ ಅದೀನಿ” ಎನ್ನತೊಡಗಿದರು.

ಕಾಕಾಗೂ ಒಂದು ಕೆಲಸವಿತ್ತು. ಬಾವಿಯ ಪಂಪು ಆಟೋ ಸ್ಟಾರ್ಟರಿನದು; ತ್ರೀಫೇಜ್ ಕರೆಂಟು ಬಂದ ಕ್ಷಣ ತಾನಾಗಿಯೇ ಶುರುವಾಗುತ್ತದೆ. ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಕೆಳಗೆ ಮನುಷ್ಯರಿರುವಾಗ ಪಂಪು ನೀರೆಳೆಯಬಾರದು. ಆದ್ದರಿಂದ ನಾವು ನೀರಿಗೆ ಇಳಿಯುವ ಮೊದಲು ಕಾಕಾ ಮೂರೂ ಫ್ಯೂಜು ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳಬೇಕಿತ್ತು.

“ಕಾಕಾ, ಫ್ಯೂಜ್ ಕಿತ್ತ್ರೇನ್ರಿ?” ಎಂದು ಗೆಳತಿ ದಿನವೂ ಕೇಳುತ್ತಿದ್ದಳು.

“ಕಿಸೇದಾಗ ಅದಾವ ನರ್ಸಬಾಯಿ. ಬಂದ ಎಣಿಸ್ಕೋ.”

ಅವಳು ನಿಜವಾಗಿಯೂ ಮೆಟ್ಟಿಲು ಹತ್ತಿ ಹೋಗಿ ಎಣಿಸಿ ಬರುತ್ತಿದ್ದಳು.

ನೀರಿಗಿಂತ ಹೆಚ್ಚಿನ ಅಭ್ಯಾಸ ನೆಲದ ಮೇಲೆಯೇ ನಡೆಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಉಸಿರು ಪೂರ್ತಿ ಹೊರಹಾಕಿ, ಹೊಟ್ಟೆಯನ್ನು ಪಕ್ಕೆಲುಬಿನ ಕೆಳಗೆ ಸೆಳೆದುಕೊಂಡು ಎದೆ ಸಡಿಲಿಸುವುದು. ಆಮೇಲೆ ಅಂಗಾತ ಮಲಗಿ ಉಸಿರು ಹಿಡಿಯುವುದು: ಹಿಡಿಯುವ ಹೊತ್ತು ಅಷ್ಟೇ, ನಡುವಿನ ವಿಶ್ರಾಂತಿ ಮಾತ್ರ ಪ್ರತಿ ಸುತ್ತಿಗೂ ಕಡಿಮೆ. ಒಳಗೆ ಸೇರಿಕೊಂಡ ಕೆಟ್ಟ ಗಾಳಿಗೆ ಮೈ ಒಗ್ಗಬೇಕು, ವಪೆ ತಾನಾಗಿ ಕುಣಿಯತೊಡಗಿದಾಗ ಮನಸ್ಸು ಗಾಬರಿಯಾಗಬಾರದು. ಸಂಜೆ ಬತ್ತದ ಗದ್ದೆಯ ಬದುವಿನ ಮೇಲೆ ಉಸಿರು ಹಿಡಿದು ನಡೆಯುತ್ತಿದ್ದೆ. ಕಳೆ ಕೀಳುವ ಹೆಣ್ಣುಮಕ್ಕಳು ಮಾತನಾಡಿಸಿದರೆ ಉತ್ತರ ಕೊಡುವಂತಿರಲಿಲ್ಲ.

“ಯಾಕವಾ, ಮೌನ ಹಿಡದೀ ಏನ?” ಎಂದು ಒಬ್ಬಾಕೆ ಕೇಳಿದಳು.

“ಆಕಿ ಹುಟ್ಟಿದಾಗಿಂದ ಹಿಡದಾಳ ತಗೋ,” ಎಂದು ಇನ್ನೊಬ್ಬಾಕೆ. ನಗು ಬಂದು ನನ್ನ ಉಸಿರು ಹಾರಿಹೋಯಿತು.

ಬಾಯಿಗಾಳಿಯ ಅಭ್ಯಾಸಕ್ಕೆ ಪುಗ್ಗಾ, ಅಂದರೆ ಬಲೂನು, ಬೇಕಿತ್ತು. ಒಂದು ಮೂಗಿನ ಹೊಳ್ಳೆ ಒತ್ತಿ ಹಿಡಿದು, ಇನ್ನೊಂದಕ್ಕೆ ಪುಗ್ಗಾದ ಬಾಯಿ ಕೂಡಿಸಿ, ಗಂಟಲು ಮುಚ್ಚಿ, ಬರೇ ಗಲ್ಲ ಮತ್ತು ನಾಲಿಗೆಯ ಬಲದಿಂದ ಅದನ್ನು ಉಬ್ಬಿಸಬೇಕು. ಎದೆಯ ಗಾಳಿ ಒಂದಿಷ್ಟೂ ಬರಬಾರದು. ಪಡಸಾಲೆಯಲ್ಲಿ ಕುಳಿತು ಕೆಂಪು ಪುಗ್ಗಾ ಉಬ್ಬಿಸುತ್ತಿದ್ದಾಗ ಕಾಕಾ ಬಂದರು, ನಿಂತು ಬಹಳ ಹೊತ್ತು ನೋಡಿದರು.

“ಮೂಗಿಲೆ ಪುಗ್ಗಾ ಊದಾಕ ಎಂ.ಎಸ್ಸಿ. ತನಕಾ ಓದಬೇಕಾತೇನವಾ?”

“ಬಾಯಿ ಮುಚ್ಚಿ ಊದೂದ ಕಾಕಾ. ಅದs ತ್ರಾಸು.”

“ಬಾಯಿ ಮುಚ್ಚೂದ ನಿನಗ ಮೊದಲs ಬರ್ತೈತಿ. ಅದಕ್ಕ ಅಭ್ಯಾಸ ಬ್ಯಾಡ.”

ಈಗ ನೆನೆದರೆ ಆ ದಿನಗಳ ವಾಸನೆಯೇ ಮೊದಲು ಬರುತ್ತದೆ. ಟ್ರ್ಯಾಕ್ಟರಿನ ಟ್ಯೂಬಿನ ವಾಸನೆ, ಅದನ್ನೇ ನಾವು ತೇಲುಬುರುಡೆ ಮಾಡಿಕೊಂಡು ಹಗ್ಗ ಕಟ್ಟಿದ್ದೆವು. ಒದ್ದೆ ಕಲ್ಲಿನ ಪಾಚಿ. ಗೆಳತಿಯ ಡಬ್ಬಿಯ ಚಹಾ, ಏಲಕ್ಕಿ ಹೆಚ್ಚು. ನೀರಿನ ಮೇಲೆ ಸಣ್ಣ ಮಳೆ ಬೀಳುತ್ತಿರುತ್ತಿತ್ತು. ಟ್ಯೂಬು ಹಿಡಿದು ಮುಖ ಕೆಳಗೆ ಮಾಡಿ ಉಸಿರಾಡುವಾಗ ಬೆನ್ನಿನ ಮೇಲೆ ಹನಿಗಳು, ಕಣ್ಣೆದುರು ಹಸಿರು. ನಾಲ್ಕು ಮೀಟರಿನ ಕೆಳಗೆ ಹಸಿರು ಕಂದಾಗುತ್ತಿತ್ತು, ನಂತರ ಏನೂ ಕಾಣುತ್ತಿರಲಿಲ್ಲ. ಹಗ್ಗವನ್ನು ಬೆರಳುಗಳ ನಡುವೆ ಸಡಿಲವಾಗಿ ಬಿಟ್ಟು ಇಳಿಯುತ್ತಿದ್ದೆ. ಅಲ್ಲಿ ನೀರು ಒಮ್ಮೆಲೇ ತಣ್ಣಗಾಗುತ್ತಿತ್ತು. ಹಿಂದಿರುಗುವಾಗ ನಡುವೆ ಎಲ್ಲಿಯೋ ಅವಳ ಕೈ ಹಗ್ಗದ ಮೇಲೆ ಸಿಗುತ್ತಿತ್ತು, ಮೇಲೆ ಬರುವವರೆಗೆ ಅವಳು ನನ್ನ ಮುಖದ ಎದುರಿಗೇ ಈಜುತ್ತಿದ್ದಳು.

ಈ ಬಾವಿಯಲ್ಲಿ ಈಜು ಕಲಿತವರಿಗೆಲ್ಲ ಒಂದು ರೂಢಿ ಗೊತ್ತು. ತಳ ಮುಟ್ಟಿದೆ ಎಂದು ಬರೇ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮುಷ್ಟಿ ಮಣ್ಣು ತರಬೇಕು. ತಂದು ನೀರಿನಂಚಿನ ಮೆಟ್ಟಿಲಿಗೆ ಪಟ್ಟನೆ ಬಡಿಯಬೇಕು. ನಾವು ಚಿಕ್ಕವರಿದ್ದಾಗ ಕಾಕಾ ಆ ಮಣ್ಣನ್ನು ಮೂಸಿ ನೋಡುತ್ತಿದ್ದರು. ಕೆಲವರು ಅರ್ಧಕ್ಕೇ ನಿಂತು ಗೋಡೆಯ ಸಂದಿಯ ಮಣ್ಣು ಕೆರೆದು ತರುತ್ತಿದ್ದರು. ಅದಕ್ಕೆ ಪಾಚಿಯ ವಾಸನೆ. ತಳದ ಮಣ್ಣಿಗೆ ಕೊಳೆತ ಎಲೆಯ ವಾಸನೆ. ಕಳ್ಳ ಮಣ್ಣು ತಂದವರ ತಲೆಗೇ ಅದನ್ನು ಸವರಿ ಮತ್ತೆ ನೀರಿಗೆ ನೂಕುತ್ತಿದ್ದರು.

ಅರ್ಧ ಉಸಿರಿನ ಇಳಿತಗಳು ಹದಕ್ಕೆ ಬಂದ ಮೇಲೆ ಒಂದು ದಿನ ನಾನು ಬಹಳ ಚೆನ್ನಾಗಿ ಇಳಿದೆ. ಕಲ್ಲಿನ ಸ್ವಲ್ಪ ಮೇಲೆ ತಲೆಕೆಳಗಾಗಿ ನಿಂತು, ಎದೆ ಒಳಗೊಳಗೇ ಮಡಚಿಕೊಳ್ಳುವುದನ್ನು ಗಮನಿಸಿ, ಬಾಯಿಯ ಗಾಳಿ ನುಂಗದೆ ತಿರುಗಿ ಬಂದೆ. ಕನ್ನಡಕ ತೆಗೆದು, ಕೈಸನ್ನೆ ಮಾಡಿ, ಆರಾಮ ಅದೀನಿ ಎಂದೆ. ಗೆಳತಿ ನೀರು ಬಡಿದು ಕೇಕೆ ಹಾಕಿದಳು. ಕಾಕಾ ಮಾತ್ರ ಮೆಟ್ಟಿಲ ಮೇಲೆ ಹಾಗೇ ಕುಳಿತಿದ್ದರು.

“ಮಣ್ಣ ಎಲ್ಲೈತಿ?”

“ಇದ್ರಾಗ ಮಣ್ಣ ತರೂದಿರಂಗಿಲ್ಲ ಕಾಕಾ.”

“ಮತ್ತ ನಾ ಹೆಂಗ ನಂಬಲಿ?”

ಅವರು ನಗುತ್ತಿದ್ದರು. ನಾನೂ ನಕ್ಕೆ. ಮರುದಿನ ಒಂದು ಮುಷ್ಟಿ ತಂದು ಮೆಟ್ಟಿಲಿಗೆ ಬಡಿದೆ. ಅವರು ಅದನ್ನು ಎತ್ತಿ ಮೂಸಿ, “ಖರೇ ಮಣ್ಣ,” ಎಂದರು. ಅಷ್ಟು ಸಂತೋಷ ನನಗೆ ಸಮುದ್ರದಲ್ಲಿ ಯಾವ ಚೀಟಿ ಹರಿದು ತಂದಾಗಲೂ ಆಗಿರಲಿಲ್ಲ. ಅಲ್ಲಿಂದ ದಿನವೂ ತಂದೆ. ಪೂರ್ತಿ ಉಸಿರಿನ ಇಳಿತದಲ್ಲಿ ಅದಕ್ಕೆ ತೊಂದರೆಯಿಲ್ಲ. ಅರ್ಧ ಉಸಿರಿನಲ್ಲಿ ಕೂಡದೆಂಬುದು ಗೊತ್ತಿತ್ತು. ಗೊತ್ತಿದ್ದೂ, ಕಲ್ಲಿನಿಂದ ಕೆಳಗೆ ಇನ್ನೊಂದು ಮೊಳ ತಾನೇ ಎನಿಸುತ್ತಿತ್ತು.

ನಾಗರ ಪಂಚಮಿ ಮುಗಿದು, ಮನೆಯ ಡಬ್ಬಿಯಲ್ಲಿ ಉಂಡಿಗಳು ಇನ್ನೂ ಉಳಿದಿದ್ದ ದಿನಗಳು. ಆ ಬೆಳಿಗ್ಗೆ ಮೂರನೆಯ ಇಳಿತ, ಅರ್ಧ ಉಸಿರಿನದು. ಕಲ್ಲಿನ ಬಳಿ ತಲೆಕೆಳಗಾಗಿ ನಿಂತಾಗ ಎಲ್ಲವೂ ಸರಿಯಿತ್ತು. ಬಲಗೈ ಚಾಚಿದೆ. ಮಣ್ಣು ಬೆರಳ ತುದಿಗೆ ತಾಗಿತು, ಮುಷ್ಟಿಗೆ ಬರಲಿಲ್ಲ. ಹೆಗಲು ಇನ್ನಷ್ಟು ಚಾಚಿದೆ. ಅದೇ ಹೊತ್ತಿಗೆ ವಪೆ ಒಮ್ಮೆ ಜೋರಾಗಿ ಎಳೆಯಿತು. ಎದೆಯ ಮೂಳೆಯ ಹಿಂದೆ, ಹೊಸ ಬಟ್ಟೆಯ ಅಂಚು ಹರಿದಂತೆ ಏನೋ ಸಣ್ಣದಾಗಿ ಆಯಿತು. ನೋವಲ್ಲ. ಮುಷ್ಟಿ ಕಟ್ಟಿಕೊಂಡು ಮೇಲೆ ಬಂದೆ.

ಉಸಿರಾಡಿ, ಕನ್ನಡಕ ತೆಗೆದು, ಸನ್ನೆ ಮಾಡಿ, ಆರಾಮ ಅದೀನಿ ಎಂದೆ. ಆಮೇಲೆ ಗಂಟಲಲ್ಲಿ ಕೆರೆತ. ಸಣ್ಣದಾಗಿ ಕೆಮ್ಮಿ ಎಡಗೈಗೆ ಉಗುಳಿದೆ. ನೊರೆಯ ಬಣ್ಣ ತೆಳು ಗುಲಾಬಿ. ಬಾಯಲ್ಲಿ ಕಬ್ಬಿಣದ ರುಚಿ. ಕೈ ಮುಚ್ಚಿದೆ.

“ಕೈ ತೋರ್ಸು,” ಎಂದಳು ಗೆಳತಿ.

ಬಲಗೈ ಬಿಚ್ಚಿ ಮಣ್ಣು ತೋರಿಸಿದೆ.

“ಅದಲ್ಲ ಬೇ. ಆ ಕೈ.”

ಎಡಗೈ ಬಿಚ್ಚುವಷ್ಟರಲ್ಲಿ ಮಳೆಯ ಹನಿ ಬಿದ್ದು ಅರ್ಧ ತೊಳೆದಿತ್ತು. ಉಳಿದಷ್ಟು ಸಾಕಾಯಿತು. ಅವಳು ಕೂಗಾಡಲಿಲ್ಲ. ನನ್ನನ್ನು ಮೆಟ್ಟಿಲ ಮೇಲೆ ಕುಳ್ಳಿರಿಸಿ, ಬೆರಳಿಗೆ ಆಕ್ಸಿಮೀಟರ್ ಹಾಕಿ, ಬೆನ್ನಿಗೆ ಕಿವಿ ಹಚ್ಚಿ, “ಉಸುರ ತಗೋ… ಬಿಡು… ಮತ್ತ,” ಎಂದಳು. ಕಾಕಾ ಎದ್ದು ನಿಂತಿದ್ದರು. ನಾನು ಬಡಿಯದೆ ಬಿಟ್ಟ ಮಣ್ಣು ಮೆಟ್ಟಿಲ ಮೇಲೆ ಮಳೆಗೆ ಕರಗಿ ನೀರಿಗೆ ಇಳಿಯುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

ಹುಬ್ಬಳ್ಳಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಒತ್ತಡಕ್ಕೆ ಶ್ವಾಸಕೋಶದ ಸಣ್ಣ ರಕ್ತನಾಳಗಳು ಒಸರಿವೆ, ತಾನಾಗಿ ವಾಸಿಯಾಗುತ್ತದೆ, ಮತ್ತೆ ಅದೇ ಜಾಗಕ್ಕೆ ಪೆಟ್ಟಾದರೆ ಇಷ್ಟಕ್ಕೆ ನಿಲ್ಲುವುದಿಲ್ಲ ಎಂದರು ವೈದ್ಯರು. ಅಂದೇ ತರಬೇತುದಾರರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ.

“ಕೈ ಚಾಚಿದಿರಾ?”

“ಹೌದು.”

“ಮೂರು ವಾರ ನೀರು ಮುಟ್ಟಬೇಡಿ. ಆಮೇಲೆ ಪೂರ್ತಿ ಉಸಿರಿನಿಂದ, ಮೇಲಿನಿಂದ ಶುರು ಮಾಡಿ. ಹೆಸರು ಕಳಿಸಲು ಅಷ್ಟರವರೆಗೆ ಸಮಯವಿದೆ. ಆಗ ನೋಡೋಣ.”

ಮರುದಿನ ಮಳೆ ಸುರಿಯುತ್ತಿತ್ತು. ಹೊಲದ ಕಡೆಯಿಂದ ಪಂಪಿನ ಸದ್ದು. ಗೆಳತಿ ನನ್ನನ್ನು ನೋಡಲು ಬಂದಿದ್ದಳು, ಇಬ್ಬರೂ ಹೋದೆವು. ಕಾಕಾ ಕೊಡೆ ಹಿಡಿದುಕೊಂಡು ಮಡೆಯ ಬಾಯಲ್ಲಿ ನಿಂತು ಬತ್ತಕ್ಕೆ ನೀರು ಹಾಯಿಸುತ್ತಿದ್ದರು. ಗದ್ದೆ ತುಂಬಿ ಬದು ದಾಟಿ ದಾರಿಗೆ ನೀರು ಹರಿಯುತ್ತಿತ್ತು.

“ಕಾಕಾ, ಇಂಥಾ ಮಳಿಯಾಗ ನೀರ ಯಾಕ ಹಾಯಸಾಕತ್ತಿ?”

“ಬತ್ತಕ್ಕ ನೀರ ಬೇಕು.”

“ಕೊಡಿ ಹಿಡಕೊಂಡ ನೀರ ಹಾಯಸೂ ರೈತನ್ನ ಇವತ್ತs ನೋಡಿದ್ನಿ,” ಎಂದೆ.

ಗೆಳತಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಸುಮ್ನಿರಲೇ. ಬಾವಿ ನೋಡು. ನಿನಗ ಇಳಿಯಾಕ ನೀರs ಉಳೀಬಾರದಂತ.”

ನೋಡಿದೆ. ನೀರು ಒಂದಾಳಿನಷ್ಟು ಕೆಳಗೆ ಹೋಗಿತ್ತು. ನಾವು ಮಣ್ಣು ಬಡಿಯುತ್ತಿದ್ದ ಮೆಟ್ಟಿಲು ನೀರಿನಿಂದ ಬಹಳ ಮೇಲೆ, ಬಯಲಿಗೆ ಬಿದ್ದಿತ್ತು. ಮೂರು ದಿನ ಕರೆಂಟು ಇದ್ದಷ್ಟು ಹೊತ್ತೂ ಕಾಕಾ ಪಂಪು ನಿಲ್ಲಿಸಲಿಲ್ಲ. ಅವರ ಬತ್ತದ ಒಂದು ಮೂಲೆ ನೀರು ನಿಂತು ಹಳದಿಯಾಯಿತು. ಆಮೇಲೆ ಮಳೆ ಬಾವಿಯನ್ನು ತನ್ನ ಪಾಡಿಗೆ ಮತ್ತೆ ತುಂಬಿಸಿತು.

ಆ ಮೂರು ವಾರ ಪುಗ್ಗಾ ಒಂದೇ ಅಭ್ಯಾಸ. ಎದೆಗೆ ಸಂಬಂಧವಿಲ್ಲದ್ದು ಅದೊಂದೇ. ವಿಚಿತ್ರವೆಂದರೆ, ನಾನು ವರ್ಷಗಟ್ಟಲೆ ಸೋತಿದ್ದ ವಿದ್ಯೆ ಆಗ ಕೈಗೆ ಬಂತು. ನಾಲಿಗೆಯ ಹಿಂಭಾಗವನ್ನು ಎತ್ತಿ ಬಾಗಿಲು ಹಾಕಿದಂತೆ ಗಂಟಲು ಮುಚ್ಚಿ, ಗಲ್ಲದ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುವುದು ತಿಳಿಯಿತು. ನುಂಗುವುದು ನಿಂತಿತು.

ಮತ್ತೆ ನೀರಿಗೆ ಇಳಿದಾಗ ಪೂರ್ತಿ ಉಸಿರಿನಲ್ಲಿ ತಳದವರೆಗೆ ಹೋಗಿ ಬಂದೆ. ಕಿವಿ ಎಲ್ಲಿಯೂ ತಡೆಯಲಿಲ್ಲ. ಹೊಸ ಬಾಗಿಲು ತೆರೆದ ಹಾಗಿತ್ತು. ಆಗ ಅರ್ಧ ಉಸಿರಿನ ಪರೀಕ್ಷೆಯೂ ಆಗಬೇಕೆನಿಸಿತು; ನಲವತ್ತಕ್ಕೆ ಎದೆ ತಯಾರಿದೆಯೇ ಎಂದು ತಿಳಿಯಲು ಬೇರೆ ದಾರಿಯಿರಲಿಲ್ಲ. ಗೆಳತಿ ಒಪ್ಪಲಿಲ್ಲ. ಬಹಳ ವಾದವಾದ ಮೇಲೆ, ತಾನು ಹಗ್ಗ ಹಿಡಿದು ನಿಲ್ಲುವ ಆಳದವರೆಗೆ, ಅಂದರೆ ಬಾವಿಯ ಅರ್ಧದವರೆಗೆ ಮಾತ್ರ ಎಂದಳು. ಹೋದೆ. ಅವಳ ಮುಖದ ಎದುರು ನಿಂತೆ. ಎದೆಯ ಮೂಳೆಯ ಹಿಂದೆ ಅದೇ ಜಾಗದಲ್ಲಿ ಬೆರಳಿಟ್ಟು ಒತ್ತಿದಂತಾಯಿತು. ತಿರುಗಿ ಬಂದೆ. ಕೆಮ್ಮಿಲ್ಲ, ಬಣ್ಣವಿಲ್ಲ.

“ಹೆಂಗಿತ್ತು?”

“ಚೊಲೋ ಇತ್ತು.”

“ಮುಖಾ ಓದೂದ ನೀನs ಕಲಿಸೀದಿ,” ಎಂದಳು. ಬಟ್ಟೆ ಹಿಂಡಿಕೊಂಡು ಡ್ಯೂಟಿಗೆ ಹೋದಳು. ಈಗ ಅವಳು ಕುಂದಗೋಳ ತಾಲ್ಲೂಕಿನ ಕುಬಿಹಾಳಕ್ಕೆ ವರ್ಗವಾಗಿ ಹೋಗಿದ್ದಾಳೆ. ಫೋನಿನಲ್ಲಿ ನಾನು ಚೆನ್ನಾಗಿದ್ದೇನೆ ಎಂದರೆ, ವಿಡಿಯೋ ಹಚ್ಚು ಎನ್ನುತ್ತಾಳೆ.

ಅದೇ ಮಧ್ಯಾಹ್ನ ತರಬೇತುದಾರರು ಫೋನು ಮಾಡಿದರು. “ಹೆಸರು ಕಳಿಸಲು ಇವತ್ತೇ ಕೊನೆ. ಸಂಜೆಯೊಳಗೆ ತಿಳಿಸಿ. ಆಗುತ್ತದೆ ಎಂದು ನೀವು ಹೇಳಿದರೆ ನಿಮ್ಮ ಹೆಸರೇ. ನಾನು ಮರುಪ್ರಶ್ನೆ ಕೇಳುವುದಿಲ್ಲ.”

ಅವರು ಮರುಪ್ರಶ್ನೆ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಒತ್ತಿದಂತಾದದ್ದು ನನ್ನ ಹೊರತು ಯಾರಿಗೂ ತಿಳಿಯುವಂಥದಲ್ಲ. ಸ್ಪರ್ಧೆಗೆ ಇನ್ನೂ ದಿನಗಳಿದ್ದವು, ಅಷ್ಟರಲ್ಲಿ ಸರಿಹೋಗಲೂಬಹುದಿತ್ತು. ಹೋಗದಿದ್ದರೆ ಹೇಳಲು ಒಂದು ನೆಪವನ್ನೂ ಹುಡುಕಿಟ್ಟುಕೊಂಡಿದ್ದೆ: ಮನೆಯಲ್ಲಿ ಕೆಲಸ. ಎರಡನ್ನೂ ಮನಸ್ಸಿನಲ್ಲಿ ತಿರುಗಿಸುತ್ತ ಬಾವಿಗೆ ಹೋದೆ. ಕಾಕಾ ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಕುಳಿತೆ. ಫೋನು ಬಂದ ವಿಷಯ ಹೇಳಿದೆ. ನಾನು ಅಷ್ಟು ಹೇಳುವುದೇ ಹೆಚ್ಚು ಎಂದು ಅವರಿಗೂ ಗೊತ್ತಿತ್ತು.

“ನಾ ಮಣ್ಣ ಕೇಳಬಾರದಿತ್ತು,” ಎಂದರು.

“ನೀ ಒಂದs ಸಲ ಕೇಳಿದಿ ಕಾಕಾ. ಉಳದದ್ದೆಲ್ಲಾ ನಾನs ತಂದದ್ದು.”

ಅವರು ಮಂಡಿ ಸವರಿಕೊಂಡರು. “ನಾ ನೀರಿಗಿಳಿಯೂದ ಯಾಕ ಬಿಟ್ಟೆ ಗೊತ್ತೈತೇನ?”

“ನೀರ ತಂಪ, ಮಂಡಿಗೆ ಆಗೂದಿಲ್ಲ ಅಂತಿದ್ದಿ.”

“ಹಂಗ ಹೇಳ್ತಿದ್ನಿ. ಒಂದಿನ ತಳಾ ಮುಟ್ಟಲಿಲ್ಲ. ಅರ್ಧಕ್ಕs ಎದಿ ಬಡಕೊಂಡು ತಿರಗಿ ಬಂದ್ನಿ. ಗೋಡಿ ಮಣ್ಣ ಕೆರಕೊಂಡ ಬಂದ್ನಿ, ಮಂದಿ ನಿಂತಿದ್ರಲ್ಲ. ಮರುದಿನದಿಂದ ಯಾರ ಕರದ್ರೂ, ನೀರ ತಂಪೈತೋ ಮಾರಾಯಾ ಅಂದ್ನಿ. ಬ್ಯಾಸಿಗ್ಯಾಗೂ ಅದನ್ನs ಅಂದ್ನಿ. ನಿಮ್ಮ ಚಿಗವ್ವ ಅಂತೂ, ಏಪ್ರಿಲದಾಗ ಯಾವ ನೀರ ತಂಪ ಇರ್ತೈತಿ ಅಂತ ನಕ್ಕಳು.” ಅವರೂ ನಕ್ಕರು. ಆಮೇಲೆ ನಗು ನಿಂತಿತು. “ಆಗೂದಿಲ್ಲ ಅಂತ ಅವತ್ತs ಅಂದಿದ್ರ, ಮ್ಯಾಲಿನ ನೀರಾಗಾದರೂ ನಿಮ್ಮ ಜೋಡಿ ಈಜಬಹುದಿತ್ತು. ತಂಪ ಅಂದ ಮ್ಯಾಲ ಕಾಲ ಇಡಾಕೂ ಬರಲಿಲ್ಲ ನೋಡ.”

ಅಲ್ಲಿಂದಲೇ ಫೋನು ಮಾಡಿದೆ. ಕಾಕಾ ಎದ್ದು ಹೋಗುತ್ತೇನೆಂದರು, ಕೈ ಹಿಡಿದು ಕುಳ್ಳಿರಿಸಿದೆ.

“ಆಗುವುದಿಲ್ಲ ಸರ್,” ಎಂದೆ. “ಕಿವಿ ಸರಿಯಾಗಿದೆ. ಎದೆ ಇನ್ನೂ ಆಗಿಲ್ಲ. ಅರ್ಧ ಬಾವಿಗೇ ಒತ್ತುತ್ತಿದೆ. ಅವಳ ಹೆಸರು ಕಳಿಸಿ.”

“ಖಚಿತವೇ?”

“ಹೌದು.”

“ಸರಿ. ಅವಳು ಮೂವತ್ತರಲ್ಲೇ ಇದ್ದಾಳೆ. ನಲವತ್ತು ಈಗ ಆಗುವ ಮಾತಲ್ಲ. ಮೂವತ್ತಮೂರು ಹೇಳಿಸೋಣ ಎಂದುಕೊಂಡಿದ್ದೇನೆ,” ಎಂದರು.

ನನ್ನ ಅಂಕಿಯೇ ಅವಳಿಗೆ ಹೋಯಿತು. ಕತ್ತಲಾಗುವ ಮೊದಲೇ ಇಬ್ಬರೂ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಇಳಿಯುವುದಿರಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೆ ಗುರೆಳ್ಳಿನ ಪುಡಿ ಹಾಕಿಸಿಕೊಂಡು ಹೊಟ್ಟೆ ತುಂಬ ತಿಂದೆ. ಕೈ ತೊಳೆದುಕೊಂಡು ಕಿರಿಯ ಸಹೋದ್ಯೋಗಿಗೆ ಫೋನು ಮಾಡಿದೆ.

“ಅಕ್ಕ, ಸರ್ ಹೇಳಿದ್ರು,” ಎಂದಳು. ದನಿ ಸಣ್ಣದಾಗಿತ್ತು. “ನಿಮಗೆ ಬೇಜಾರಾಗ್ಲಿಲ್ವಾ?”

“ಆಗೇತಿ,” ಎಂದೆ. “ಈಗ ನಾ ಹೇಳೂದ ಕೇಳು. ಮೂವತ್ತಕ್ಕ ನಿನಗ ಏನ ಆಗತೈತಿ?”

“ಎಂತದೂ ಕಾಣುದಿಲ್ಲ. ಕೆಳಗೆ ಎಷ್ಟುಂಟು ಅಂತ ತಲೆ ಎತ್ತಿ ನೋಡ್ತೇನೆ. ಅಷ್ಟೊತ್ತಿಗೆ ಬಾಯಿಯ ಗಾಳಿ ಹೋಗಿರ್ತದೆ.”

ತಲೆಕೆಳಗಾಗಿ ಇಳಿಯುವಾಗ ತಲೆ ಎತ್ತಿದರೆ ಗಂಟಲು ತೆರೆದುಕೊಳ್ಳುತ್ತದೆ, ಗದ್ದವನ್ನು ಎದೆಗೆ ಹತ್ತಿರ ಇಟ್ಟುಕೊಂಡು ಕಣ್ಣ ಮುಂದಿನ ಹಗ್ಗವನ್ನಷ್ಟೇ ನೋಡಬೇಕು ಎಂದೆ. ಮೂವತ್ತೊಂದರ ಹತ್ತಿರ ನೀರು ತಣ್ಣಗಾಗುತ್ತದೆ, ಆಗ ಹೆಗಲು ತಾನಾಗಿ ಬಿಗಿಯುತ್ತದೆ, ಬಿಡಬೇಕು. ಮೂವತ್ತೆರಡರಲ್ಲಿ ಕಾಲು ಬಡಿಯುವ ಮನಸ್ಸಾಗುತ್ತದೆ. ಬಡಿಯಬಾರದು, ಅಲ್ಲಿ ಮೈ ತಾನೇ ಇಳಿಯುತ್ತಿರುತ್ತದೆ. ಮೂವತ್ತಮೂರರಲ್ಲಿ ಚೀಟಿಗೆ ಮೊಣಕೈ ಮಡಚಿಯೇ ಕೈ ಹಾಕಬೇಕು. ಅವಳು ಒಂದೊಂದನ್ನೂ ನನಗೆ ತಿರುಗಿ ಹೇಳಿ ಒಪ್ಪಿಸಿದಳು.

ಮೂವತ್ತು ಮೀಟರಿನ ಕೆಳಗೆ ನನಗೆ ಗೊತ್ತಿದ್ದದ್ದು ಮೂರೇ ಮೀಟರು. ಮೂರನ್ನೂ ಅವಳಿಗೆ ಹೇಳಿಕೊಟ್ಟೆ.